ದೊಡ್ಡಳಿಯಂದಿರ ದೃಷ್ಟಿಗೊಂಬೆ

ಮನುಷ್ಯನ ಒಳಗಿನ ಶತ್ರುಗಳನ್ನು ಹೆಸರಿಸುವಾಗ ಹಿರಿಯರು ಕಾಮ, ಕ್ರೋಧ, ಲೋಭ, ಮೋಹ, ಮದ ಎಂದು ಹೇಳಿ ಮಾತ್ಸರ್ಯವನ್ನು ಕೊನೆಯಲ್ಲಿ ಇಟ್ಟಿದ್ದಾರೆ. ಅದು ಚಿಕ್ಕದೆಂದು ಹಾಗೆ ಇಟ್ಟರೆಂದು ತಿಳಿದವರಿದ್ದಾರೆ. ಹಾಗಲ್ಲ. ಮೊದಲಿನ ಐದನ್ನೂ ಗೆದ್ದು, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಇನ್ನೇನು ಪಾರಾದೆ ಎಂದು ಹೊರಟ ಮನುಷ್ಯನನ್ನು ಹಿಡಿಯಲು ಬಾಗಿಲಲ್ಲಿ ಒಬ್ಬರು ಕಾದಿರಬೇಕಲ್ಲ, ಅದಕ್ಕಾಗಿ. ಸಿ.ಎಸ್. ಪುರದ ಶಾಲೆಯ ಚಿತ್ರಕಲೆ ಮೇಷ್ಟರಾದ ಷಡಕ್ಷರಿಯವರನ್ನು ಅದು ಹಿಡಿದದ್ದು ಊಟದ ಎಲೆಯ ಮುಂದೆ. ವಿಷಯ ಒಂದು ಒಬ್ಬಟ್ಟಿನದು.

ಮೇಷ್ಟರ ಅತ್ತೆ ಕರಿಬಸಮ್ಮನವರ ಮನೆ ಇರುವುದು ಗುಬ್ಬಿಯಲ್ಲಿ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮಾಲಿನಿ, ಮೇಷ್ಟರ ಹೆಂಡತಿ. ಚಿಕ್ಕವಳು ಸಂಧ್ಯಾ. ಸಂಧ್ಯಾಳ ಗಂಡ ಗುರುಪ್ರಕಾಶ್ ಕುಣಿಗಲ್ಲಿನ ಒಂದು ಶಾಲೆಯಲ್ಲಿ ಕರಕುಶಲ ಕಲಿಸುತ್ತಾರೆ. ಮಾವ ಚನ್ನವೀರಯ್ಯನವರು ಇದ್ದಷ್ಟು ಕಾಲ ಆ ಮನೆಯಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಹಬ್ಬದ ಊಟಕ್ಕೆ ಅಳಿಯಂದಿರು ಕೂತರೆ ಮೊದಲ ಒಬ್ಬಟ್ಟು ದೊಡ್ಡಳಿಯನ ಎಲೆಗೆ ಬೀಳಬೇಕು. ಎಲೆಗಳ ನಡುವೆ ಒಂದೇ ಮೊಳದ ದೂರ, ಒಬ್ಬಟ್ಟುಗಳ ನಡುವೆ ಒಂದೇ ಗಳಿಗೆಯ ಅಂತರ. ಆದರೂ ಷಡಕ್ಷರಿ ಮೇಷ್ಟರು ಮದುವೆಯಾದಂದಿನಿಂದ ಆ ಒಂದು ಗಳಿಗೆಯನ್ನು ಅನುಭವಿಸುತ್ತ ಬಂದಿದ್ದರು. ಕೆಲವರಿಗೆ ಪದವಿ ಸಿಗುತ್ತದೆ, ಕೆಲವರಿಗೆ ಪ್ರಶಸ್ತಿ. ಅವರಿಗೆ ಸಿಕ್ಕಿದ್ದು ಅದೊಂದೇ.

ಚನ್ನವೀರಯ್ಯನವರು ಶಿವನ ಪಾದ ಸೇರಿದರು. ಅಂದಿನಿಂದ ಕರಿಬಸಮ್ಮನವರು ನಕ್ಕದ್ದನ್ನು ಕಂಡವರಿಲ್ಲ. ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಗಾರೆಯವರನ್ನು ಹಿಡಿದು ಮನೆಯ ಮೇಲೆ ಮಹಡಿಯನ್ನೂ ಕಟ್ಟಿಸುತ್ತಿದ್ದರು. ಎಲ್ಲವೂ ನಡೆಯುತ್ತಿತ್ತು. ನಗು ಮಾತ್ರ ಹೋದವರ ಹಿಂದೆಯೇ ಹೊರಟು ಹೋಗಿತ್ತು. ಮಹಡಿಗೆ ದೃಷ್ಟಿಯಾದೀತೆಂದು ಗಾರೆಯವರು ಸಂತೆಯಿಂದ ಒಂದು ದೃಷ್ಟಿಗೊಂಬೆ ತಂದುಕೊಟ್ಟರೆ ಅದನ್ನೂ ಹಿಂದಕ್ಕೆ ಕಳಿಸಿದ್ದರು. "ಸುಮ್ನೆ ಹಲ್ಲು ಕಿರೀತದೆ. ಅದರ ಮುಖದಾಗೆ ನಿಜ ಇಲ್ಲ" ಎಂದಿದ್ದರು.

ಈ ದೀಪಾವಳಿಗೆ ಅಳಿಯಂದಿರಿಬ್ಬರೂ ಗುಬ್ಬಿಗೆ ಬಂದಾಗ ದೇವರ ಕೋಣೆಯ ಬಾಗಿಲಿಗೆ ಒಂದು ಪತ್ರಿಕೆಯ ತುಂಡು ಅಂಟಿತ್ತು. ಅದರಲ್ಲಿ ಒಂದು ನವಿಲು. ಕುಣಿಗಲ್ಲಿನ ಬೀದಿಗಳಲ್ಲಿ ಮಕ್ಕಳು ಆಯ್ದ ನೀರಿನ ಬಾಟಲಿ, ಹಾಲಿನ ಕವರುಗಳಿಂದ ಗುರುಪ್ರಕಾಶ್ ಮಾಡಿಸಿದ ನವಿಲು. ನವಿಲಿನ ಪಕ್ಕದಲ್ಲಿ, ನವಿಲಿಗಿಂತ ಚೆನ್ನಾಗಿ ಕಾಣುವಂತೆ, ಗುರುಪ್ರಕಾಶ್.

"ನೋಡಿದ್ರಾ ದೊಡ್ಡಳಿಯಂದ್ರೆ?" ಎಂದರು ಕರಿಬಸಮ್ಮ. "ಪೇಪರ್ನೋರೇ ಹುಡುಕ್ಕೊಂಡ್ ಬಂದು ಫೋಟೊ ತಕ್ಕಂಡ್ರಂತೆ."

"ನೋಡ್ದೆ ಅತ್ತೆ. ಚೆನ್ನಾಗಿದೆ. ಬಾಲ ಸ್ವಲ್ಪ ಗಿಡ್ಡ ಆಯ್ತು."

"ಬಾಲದಲ್ಲೇ ಅಲ್ವಾ ಭಾವ, ಇಡೀ ಬಸ್‌ಸ್ಟ್ಯಾಂಡಿನ ಬಾಟ್ಲಿ ಇರೋದು?" ಎಂದರು ಗುರುಪ್ರಕಾಶ್, ವಿನಯದಿಂದ. ವಿನಯದಿಂದ ಹೇಳಿದ್ದೇ ಮೇಷ್ಟರಿಗೆ ಇನ್ನಷ್ಟು ಚುಚ್ಚಿತು.

ಎಲೆ ಹಾಕಿದರು. ಕರಿಬಸಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. ಷಡಕ್ಷರಿ ಮೇಷ್ಟರು ರೂಢಿಯಂತೆ ಎಲೆಯ ಮೇಲಿನ ಕೋಸಂಬರಿಯನ್ನು ಬದಿಗೆ ಸರಿಸಿ ಜಾಗ ಮಾಡಿದರು. ಒಬ್ಬಟ್ಟು ಆ ಜಾಗದ ಮೇಲೆಯೇ ಹಾದು, ಹಬೆಯಾಡುತ್ತ, ಗುರುಪ್ರಕಾಶರ ಎಲೆಯ ಮೇಲೆ ಇಳಿಯಿತು.

ಮನೆಗೆ ವಾಪಸಾಗುವಾಗ ಸ್ಕೂಟರಿನ ಹಿಂದೆ ಕುಳಿತ ಮಾಲಿನಿ ಕೇಳಿದಳು. "ಒಂದು ಒಬ್ಬಟ್ಟಿಗೆ ಹಿಂಗ್ ಮುಖ ಮಾಡ್ಕೋತಾರೇನ್ರೀ? ಅಮ್ಮ ಏನೋ ಯೋಚ್ನೇಲಿ ಕೈ ತಪ್ಪಿ ಹಾಕಿರ್ಬೇಕು."

"ಒಬ್ಬಟ್ಟಿನ ಪ್ರಶ್ನೆ ಅಲ್ಲ ಕಣೇ ಇದು."

"ಮತ್ತಿನ್ನೇನು?"

"ಕಲೆಯ ಪ್ರಶ್ನೆ" ಎಂದರು ಮೇಷ್ಟರು. ದಾರಿಯುದ್ದಕ್ಕೂ ಹಾರ್ನ್ ಬಾರಿಸಿದರು, ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ.

ಭಗವಂತ ಬೇಡಿದವರಿಗೆ ಒಮ್ಮೊಮ್ಮೆ ಬೇಗ ಕೊಟ್ಟುಬಿಡುತ್ತಾನೆ. ಅದೂ ಅವನದೊಂದು ತಮಾಷೆ. ಹಬ್ಬ ಕಳೆದು ಶಾಲೆ ತೆರೆದಾಗ ಹೆಡ್ ಮಾಸ್ತರು ಶಿವರಾಮಯ್ಯನವರು ಒಂದು ಸುದ್ದಿ ತಂದರು. ತುಮಕೂರಿನಲ್ಲಿ ಶಾಲೆಗಳಿಗೆಲ್ಲ ಒಂದು ವಸ್ತುಪ್ರದರ್ಶನ. ಮಕ್ಕಳು ತಮ್ಮ ಊರಿನ ಪ್ಲಾಸ್ಟಿಕ್ ಕಸವನ್ನು ತಾವೇ ಆಯ್ದು, ಅದರಿಂದ ಒಂದು ಕಲಾಕೃತಿ ಮಾಡಿ ತರಬೇಕು. ಶಿವರಾಮಯ್ಯನವರು ಸಾಧುಗಳು. ಅವರ ಮುಖ ನೋಡಿದರೆ ಹೋಮ್‌ವರ್ಕ್ ಮಾಡದವನಿಗೂ ಧೈರ್ಯ ಬರುತ್ತಿತ್ತು.

"ಏನಾದ್ರೂ ಚಿಕ್ಕದಾಗಿ ಮಾಡ್ಸಿ ಮೇಷ್ಟ್ರೇ. ಒಂದು ಹೂದಾನಿ ಆದ್ರೂ ಸಾಕು" ಎಂದರು.

"ಕುಣಿಗಲ್ನೋರು ಬರ್ತಾರಾ ಸಾರ್?"

"ಬರ್ತಾರಂತೆ. ಅದ್ಯಾವ್ದೋ ನವಿಲು ತರ್ತಾರಂತೆ."

"ಹಂಗಾದ್ರೆ ಹೂದಾನಿ ಆಗಲ್ಲ ಸಾರ್" ಎಂದರು ಷಡಕ್ಷರಿ ಮೇಷ್ಟರು. ಅವರ ಮೂಗಿನ ಹೊಳ್ಳೆಗಳು ಅಗಲವಾದವು.

ತರಗತಿಯಲ್ಲಿ ಏನು ಮಾಡಬೇಕೆಂದು ಚರ್ಚೆ ನಡೆಯಿತು. ಮಕ್ಕಳು ಆನೆ ಎಂದರು, ಎತ್ತಿನ ಗಾಡಿ ಎಂದರು. ಮೇಷ್ಟರು ಎಲ್ಲಕ್ಕೂ ಕೇಳಿದ್ದು ಒಂದೇ: "ಅದು ನವಿಲಿಗಿಂತ ದೊಡ್ಡದಾಗುತ್ತಾ?" ಕೊನೆಗೆ ದೀಪಿಕಾ ಎಂಬ ಹುಡುಗಿ ಎದ್ದು, "ಪ್ಲಾಸ್ಟಿಕ್ ರಾಕ್ಷಸ ಮಾಡೋಣ ಸಾರ್. ಬರೀ ಮುಖ. ಊರೆಲ್ಲ ನುಂಗೋ ಹಂಗೆ ಬಾಯಿ. ಎಷ್ಟು ದೊಡ್ಡದ್ ಬೇಕಾದ್ರೂ ಮಾಡ್ಬೋದು" ಎಂದಳು. ಎಷ್ಟು ದೊಡ್ಡದು ಬೇಕಾದರೂ ಎಂಬ ಮಾತೇ ಮೇಷ್ಟರಿಗೆ ಸಾಕಾಯಿತು.

ಮಕ್ಕಳು ಊರಿಗೆ ಇಳಿದರು. ಅಣ್ಣಯ್ಯಪ್ಪನ ಹೋಟೆಲಿನ ಹಿಂದಿನಿಂದ ಸಾಂಬಾರು ಕಟ್ಟಿಕೊಡುವ ಕವರು ಬಂತು. ತೆಂಗಿನ ತೋಟಗಳಿಂದ ಹರಿದ ಡ್ರಿಪ್ ಪೈಪು ಬಂತು. ಗೊಬ್ಬರದ ಚೀಲ, ಎಳನೀರಿನ ಸ್ಟ್ರಾ, ಗುಟ್ಕಾ ಪೊಟ್ಟಣ, ಐಸ್‌ಕ್ರೀಮ್ ಚಮಚ, ಮದುವೆ ಮನೆಯ ಲೋಟ, ಎಲ್ಲವೂ ಶಾಲೆಯ ಜಗಲಿಗೆ ಬಂದು ಬಿದ್ದವು. ಅವನ್ನು ತೊಳೆದು ಒಣಗಿಸಿ, ಗೊಬ್ಬರದ ಚೀಲಗಳಿಗೆ ಕವರು ತುರುಕಿ, ಚೀಲಕ್ಕೆ ಚೀಲ ಹೊಲಿದರು. ಮೇಷ್ಟರಿಗಿಂತ ಎತ್ತರದ ಒಂದು ತಲೆ ಎದ್ದು ನಿಂತಿತು. ಮುಖ ಬಾಕಿ ಇತ್ತು.

"ಮುಖದಲ್ಲಿ ಭಾವ ಏನಿರ್ಬೇಕು ಸಾರ್?" ಎಂದಳು ದೀಪಿಕಾ.

"ಬೇರೆಯವ್ರದ್ದೆಲ್ಲ ನನಗೇ ಬೇಕು ಅನ್ನೋ ಭಾವ. ಹೊಟ್ಟೆಯೊಳಗಿಂದ ಬರ್ಬೇಕು" ಎಂದು ಮೇಷ್ಟರು ವಿವರಿಸುತ್ತಿರುವಾಗಲೇ ಜೇಬಿನಲ್ಲಿ ಫೋನು ಸದ್ದು ಮಾಡಿತು. ಗುರುಪ್ರಕಾಶ್ ಹೊಸ ಫೋಟೊ ಹಾಕಿದ್ದರು. ಯಾರೋ ದೊಡ್ಡ ಮನುಷ್ಯರು ನವಿಲಿನ ಕೊರಳಿಗೆ ಹಾರ ಹಾಕುತ್ತಿದ್ದಾರೆ. ಹಾರ ಉಳಿದದ್ದರಿಂದ ಗುರುಪ್ರಕಾಶರ ಕೊರಳಿಗೂ ಒಂದು.

ಮೇಷ್ಟರ ಕನ್ನಡಕ ಮೂಗಿನ ತುದಿಗೆ ಜಾರಿತು. ಹುಬ್ಬುಗಳು ಎರಡೂ ಕಡೆಯಿಂದ ಬಂದು ನಡುವೆ ಕೂಡಿಕೊಂಡವು. ಕೆಳದುಟಿ ಮುಂದೆ ಬಂತು, ಮೇಲ್ದುಟಿ ಒಳಗೆ ಹೋಯಿತು. ಆ ಫೋಟೊವನ್ನು ಅವರು ಬಹಳ ಹೊತ್ತು ನೋಡಿದರು. ದೀಪಿಕಾ ಮೆಲ್ಲಗೆ ಪೆನ್ಸಿಲ್ ಎತ್ತಿಕೊಂಡಳು. ಮಿಕ್ಕ ಮಕ್ಕಳೂ ಅವಳ ಹಿಂದೆ ಸೇರಿದರು. ಅಂಥ ಮಾದರಿ ದೊಡ್ಡ ದೊಡ್ಡ ಕಲಾಶಾಲೆಗಳಲ್ಲೂ ಸಿಗುವುದಿಲ್ಲ, ಅದೂ ಪುಕ್ಕಟೆಯಾಗಿ.

ಡ್ರಿಪ್ ಪೈಪಿನ ತುಂಡುಗಳು ಹುಬ್ಬಾದವು. ಐಸ್‌ಕ್ರೀಮ್ ಚಮಚಗಳು ಹಲ್ಲಾದವು. ಬಾಟಲಿಯ ತಳಗಳನ್ನು ಕತ್ತರಿಸಿ ಕಣ್ಣಿನ ಮುಂದೆ ಕೂರಿಸಿದರು.

"ರಾಕ್ಷಸನಿಗೆ ಕನ್ನಡಕ ಯಾಕ್ರೋ?" ಎಂದರು ಮೇಷ್ಟರು.

"ಪ್ಲಾಸ್ಟಿಕ್ ತಿಂದೂ ತಿಂದೂ ಕಣ್ಣು ಮಂಜಾಗಿದೆ ಸಾರ್" ಎಂದಳು ದೀಪಿಕಾ.

"ಹಣೆ ಮೇಲೆ ಬಿಳೀ ಪಟ್ಟಿ? ಅದು ವಿಭೂತಿ ಅಲ್ವೇನಮ್ಮ? ರಾಕ್ಷಸನಿಗೆ ವಿಭೂತಿ ಹಚ್ತಾರಾ?"

"ರಾವಣನೂ ಶಿವಭಕ್ತ ಅಲ್ವಾ ಸಾರ್?"

ಅದು ಶಾಸ್ತ್ರ ಓದಿದವರೂ ಒಪ್ಪಬೇಕಾದ ಮಾತು. ಮೇಷ್ಟರು ಟೇಪು ಹಿಡಿದು ಎತ್ತರ ಅಳೆದರು, ತೃಪ್ತರಾದರು. ಮುಖವನ್ನು ಅವರು ನೋಡಲೇ ಇಲ್ಲವೆಂದು ಹೇಳುವಂತಿಲ್ಲ. ನೋಡಿದರು, ಚೆನ್ನಾಗಿದೆ ಎಂದರು, ಎಲ್ಲೋ ಕಂಡಂತಿದೆ ಎಂದೂ ಅಂದರು.

ಅಂಟು ಒಣಗಲೆಂದು ಆ ತಲೆಯನ್ನು ಶಾಲೆಯ ಗೇಟಿನ ಕಮಾನಿಗೆ ನೇತು ಹಾಕಿದರು. ಗೇಟಿನ ಎದುರಿಗೇ ಊರಿನ ತಿಪ್ಪೆ. ಪಂಚಾಯಿತಿಯವರು ಅಲ್ಲಿ ಬೋರ್ಡು ಹಾಕಿದ್ದರು, ಬೋರ್ಡಿನ ಕೆಳಗೇ ಜನ ಕಸ ಹಾಕಿದ್ದರು, ಕಸ ಏರಿ ಬೋರ್ಡನ್ನೇ ಮುಚ್ಚಿತ್ತು. ಆ ವಾರ ಮಕ್ಕಳು ಅದನ್ನು ಆಯ್ದು ಬರಿದು ಮಾಡಿದ್ದರು. ಸಂಜೆಯೊಳಗೆ ಮತ್ತೆ ತುಂಬುವುದು ಅಲ್ಲಿನ ವಾಡಿಕೆ. ಈ ಸಲ ತುಂಬಲಿಲ್ಲ. ಮರುದಿನವೂ ತುಂಬಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿನ ಅಣ್ಣಯ್ಯಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಗೇಟಿಗೆ ಬಂದ.

"ಮೇಷ್ಟ್ರೇ, ದೃಷ್ಟಿಗೊಂಬೆ ಭಾರಿ ಚೆನ್ನಾಗ್ ಬಂದೈತೆ."

"ದೃಷ್ಟಿಗೊಂಬೆ ಅಲ್ರೀ ಅದು. ಕಲಾಕೃತಿ."

"ಅದೇ ಅದೇ. ಮೊನ್ನೆ ಸಂಜೆ ಕವರ್ ಎಸೆಯಾಕೆ ಬಂದೆ ನೋಡಿ, ಕೈ ಎತ್ತಿದ್ದೆ. ಅದು ನನ್ನೇ ನೋಡ್ತು. ನಿಮ್ಗೆ ಸಣ್ಣ ಇಡ್ಲಿ ಕೊಟ್ಟು ಪಕ್ಕದೋರ್ಗೆ ದಪ್ಪ ಇಡ್ಲಿ ಕೊಟ್ರೆ ನೀವು ನೋಡ್ತೀರಲ್ಲ, ಅಂಗೇ..." ಅಣ್ಣಯ್ಯಪ್ಪ ಕೆಮ್ಮಿದ. "ಅಂದ್ರೆ ಯಾರಾದ್ರೂ ನೋಡ್ತಾರಲ್ಲ, ಅಂಗೆ. ಎತ್ತಿದ್ ಕೈ ಇಳಿಸ್ಕಂಡು ಕವರ್ ವಾಪಸ್ ತಗಂಡ್ ಹೋದೆ. ನಮ್ ಹೋಟ್ಲಿಗೊಂದು ಮಾಡ್ಸಿಕೊಡಿ ಮೇಷ್ಟ್ರೇ. ಎದುರಿಗಿನೋನ ಕಣ್ಣು ಬಿದ್ದು ವಡೆ ಯಾಪಾರ ಕುಂತೋಗೈತೆ."

"ಅಣ್ಣಯ್ಯಪ್ಪ, ಇದು ಸಮಾಜಕ್ಕೆ ಒಂದು ಸಂದೇಶ."

"ಸಂದೇಶನೂ ಇರ್ಲಿ ಬುಡಿ. ಮುಖ ಇದೇ ಇರ್ಲಿ."

ಒಬ್ಬನಿಗೆ ಬೇಕಾದದ್ದು ಊರಿಗೆಲ್ಲ ಬೇಕಾಗಲು ಎಷ್ಟು ಹೊತ್ತು? ಹೊಸ ಟ್ರ್ಯಾಕ್ಟರ್ ತಂದವರು ಬಂದರು, ಕೊಟ್ಟಿಗೆ ಕಟ್ಟಿಸಿದವರು ಬಂದರು, ಕಾಯಿ ಹೆಚ್ಚು ಬಿಟ್ಟ ತೋಟದವರು ಬಂದರು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದ ಬಸವಲಿಂಗಮ್ಮನಂತೂ ಸೀರೆಯ ಸೆರಗು ಹೊದ್ದು ಬಂದು, "ಓರಗಿತ್ತಿ ಬೀದಿ ಕಡೆ ತಿರುಗಿಸಿ ಕಟ್ಬೇಕು, ಹಂಗೊಂದು ಮಾಡಿಕೊಡಿ" ಎಂದು ಕೇಳಿಕೊಂಡಳು. ಮೇಷ್ಟರು ಎಲ್ಲರಿಗೂ ಕಲೆಯ ಬಗ್ಗೆ ಹೇಳಿದರು. ಎಲ್ಲರೂ ಕೇಳಿದರು, ತಲೆದೂಗಿದರು, ಮೇಷ್ಟರ ಮುಖವನ್ನೂ ಗೊಂಬೆಯ ಮುಖವನ್ನೂ ಒಮ್ಮೆ ನೋಡಿದರು, ಯಾವಾಗ ಸಿಗುತ್ತದೆ ಎಂದರು.

ದೀಪಿಕಾ ಒಂದು ನಿಯಮ ಮಾಡಿದಳು. ಗೊಂಬೆ ಬೇಕಾದವರು ತಮ್ಮ ಬೀದಿಯ ಪ್ಲಾಸ್ಟಿಕ್ಕನ್ನು ತಾವೇ ಆಯ್ದು, ತೊಳೆದು, ಮೂಟೆ ಕಟ್ಟಿ ತರಬೇಕು. ಕಸ ಗುಡಿಸಿರೆಂದು ವರ್ಷಗಟ್ಟಲೆ ಹೇಳಿದರೂ ಬಗ್ಗದವರು, ನೆಂಟರ ಕಣ್ಣಿಗೆ ಹೆದರಿ ಚರಂಡಿಗೆ ಬಗ್ಗಿದರು.

ಅಷ್ಟರಲ್ಲಿ ಯಾರೋ ಪಂಚಾಯಿತಿಗೆ ದೂರು ಕೊಟ್ಟರು. ಶಾಲೆಯ ಗೇಟಿನಲ್ಲಿ ಮೇಷ್ಟರು ಏನನ್ನೋ ಕಟ್ಟಿದ್ದಾರೆ, ಆ ದಾರಿಯಲ್ಲಿ ಬಂದ ಹಸು ಹಾಲು ಕೊಡುತ್ತಿಲ್ಲ ಎಂದು. ಪಿಡಿಒ ಸುಧಾ ಮೇಡಂ ವಿಚಾರಣೆಗೆ ಬಂದರು. ಗಂಟು ಮುಖದ ಹೆಂಗಸು. ಜೀಪಿನಿಂದ ಇಳಿದವರೇ, "ಯಾರ್ರೀ ಇದನ್ನ ಕಟ್ಟಿರೋದು?" ಎಂದರು.

"ನಾನೇ ಮೇಡಂ, ಷಡಕ್ಷರಿ" ಎಂದು ಮೇಷ್ಟರು ಗೊಂಬೆಯ ಕೆಳಗೆ ಬಂದು ನಿಂತರು.

ಮೇಡಂ ಗೊಂಬೆಯನ್ನು ನೋಡಿದರು. ಮೇಷ್ಟರನ್ನು ನೋಡಿದರು. ಮತ್ತೆ ಗೊಂಬೆಯನ್ನು ನೋಡಿದರು. ಕೈಯಲ್ಲಿದ್ದ ಫೈಲನ್ನು ಮೆಲ್ಲಗೆ ಬಾಯಿಗೆ ಅಡ್ಡ ಹಿಡಿದರು.

"ಐಡಿಯಾ ಯಾರ್ದು?"

"ಪೂರ್ತಿ ನಂದೇ ಮೇಡಂ."

"ಗೊತ್ತಾಗುತ್ತೆ" ಎಂದರು ಮೇಡಂ ಫೈಲಿನ ಹಿಂದಿನಿಂದ. ಆಮೇಲೆ ತಿಪ್ಪೆ ಇದ್ದ ಜಾಗ ನೋಡಿದರು. ಅಲ್ಲಿ ಹುಲ್ಲು ಚಿಗುರಿತ್ತು. ಹುಲ್ಲಿನ ನಡುವೆ ತಮ್ಮದೇ ಬೋರ್ಡು ಕಂಡು ಅವರಿಗೇ ಆಶ್ಚರ್ಯವಾಯಿತು. ಹಸುವಿನ ಮಾತು ಅಲ್ಲಿಗೆ ಬಿಟ್ಟರು. "ನೋಡಿ ಮೇಷ್ಟ್ರೇ, ಕೆರೆ ಏರಿ ಮೇಲೆ, ಸಂತೆ ಮಾಳದಲ್ಲಿ, ಬಸ್‌ಸ್ಟಾಪಿನ ಹಿಂದೆ, ಎಲ್ಲೆಲ್ಲಿ ಕಸ ಹಾಕ್ತಾರೋ ಅಲ್ಲೆಲ್ಲ ಒಂದೊಂದು ಬೇಕು. ಮುಖ ಮಾತ್ರ ಬದಲಾಯಿಸ್ಬೇಡಿ."

"ಆದ್ರೆ ಇದು ತುಮಕೂರಿಗೆ ಹೋಗ್ಬೇಕು ಮೇಡಂ. ಪ್ರದರ್ಶನಕ್ಕೆ."

"ತೆಗೆದ್ರೆ ಕಸ ವಾಪಸ್ ಬರುತ್ತೆ" ಎಂದರು ಮೇಡಂ. ಸುತ್ತ ನಿಂತ ಊರಿನವರು ಹೌದೌದು ಎಂದರು. ಅಣ್ಣಯ್ಯಪ್ಪ ಗೇಟಿನ ಕಂಬ ಹಿಡಿದು ನಿಂತ.

ಕೊನೆಗೆ ರಾಜಿಯಾಯಿತು. ಬದಲಿ ಗೊಂಬೆ ಕಟ್ಟಿ ಇದನ್ನು ಒಯ್ಯಬಹುದು. ಮಕ್ಕಳು ಎರಡು ದಿನ ಕೂತು ಇನ್ನೊಂದು ತಲೆ ಮಾಡಿ ಕಟ್ಟಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಆ ತಲೆಯ ಕೆಳಗೆ ಕಸದ ರಾಶಿ. ಹಾಕಿದವರಲ್ಲಿ ಕೆಲವರು ಕೈ ಮುಗಿದು ಹಾಕಿದ್ದರಂತೆ.

ಮೇಷ್ಟರು ಬಂದು ತಲೆಯೆತ್ತಿ ನೋಡಿದರು. "ಇದು ನಮ್ಮ ಹೆಡ್ ಮಾಸ್ಟ್ರಲ್ವೇನ್ರೋ?"

ಮಕ್ಕಳು ನೆಲ ನೋಡಿದರು.

"ಅದಕ್ಕೇ ಮತ್ತೆ. ಅವ್ರನ್ನ ನೋಡಿದ್ರೆ ಇನ್ನೊಂದು ಕವರ್ ಹಾಕಿದ್ರೂ ಬೈಯಲ್ಲ ಅನ್ಸುತ್ತೆ" ಎಂದ ಅಣ್ಣಯ್ಯಪ್ಪ.

"ಗುರುಗಳ ಮುಖ ಇಟ್ಟು ಗೊಂಬೆ ಮಾಡ್ತಾರಾ? ಎಂಥಾ ಅಪಚಾರ!" ಎಂದು ಷಡಕ್ಷರಿ ಮೇಷ್ಟರು ಸಿಡುಕಿದರು. "ನನ್ನ ರಾಕ್ಷಸನ್ನ ನೋಡಿ ಕಲೀರಿ. ಅದ್ರಲ್ಲಿ ಯಾರಾದ್ರೂ ಕಾಣ್ತಾರಾ?"

ದೀಪಿಕಾ ಬೇಗ ಬೇಗ ಹಳೆಯ ಮುಖದ ಪಡಿಯಚ್ಚೊಂದನ್ನು ಹೊಲಿದು ಕಟ್ಟಿದಳು. ಕಸ ನಿಂತಿತು. ಕೆರೆ ಏರಿಗೂ ಸಂತೆ ಮಾಳಕ್ಕೂ ಅದೇ ಮುಖದ ಒಂದೊಂದು ಹೋಯಿತು. ಊರು ಒಪ್ಪಿತು.

ಪ್ರದರ್ಶನದ ದಿನ ಚಂದ್ರು ಎಂಬವನ ಗೂಡ್ಸ್ ಆಟೊದಲ್ಲಿ ಮೂಲ ರಾಕ್ಷಸನನ್ನು ಹಗ್ಗದಿಂದ ಬಿಗಿದು, ದೀಪಿಕಾ ಮತ್ತು ಇನ್ನಿಬ್ಬರು ಮಕ್ಕಳನ್ನು ಕರೆದುಕೊಂಡು ಮೇಷ್ಟರು ತುಮಕೂರಿಗೆ ಹೊರಟರು. ಮಾಲಿನಿಯೂ ಜೊತೆಗಿದ್ದಳು. ಗುಬ್ಬಿ ದಾರಿಯಲ್ಲೇ ಸಿಗುತ್ತದೆ. ಅತ್ತೆಯ ಆಶೀರ್ವಾದ ತೆಗೆದುಕೊಂಡು ಹೋಗೋಣ ಎಂದರು ಮೇಷ್ಟರು. ಆಶೀರ್ವಾದಕ್ಕಿಂತಲೂ, ರಾಕ್ಷಸನ ಎತ್ತರವನ್ನು ಅತ್ತೆ ಕಣ್ಣಾರೆ ನೋಡಲಿ, ಬಾಲ ಗಿಡ್ಡವಾದ ನವಿಲಿನ ಜೊತೆ ತೂಗಿ ನೋಡಲಿ ಎಂಬುದು ಅವರ ಆಸೆ.

ಆಟೊ ಮನೆಯ ಮುಂದೆ ನಿಂತಿತು. ಮಹಡಿಯ ಮೇಲೆ ಗಾರೆಯವರು ಕರಣೆ ಹಿಡಿದು ಇಣುಕಿದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಕರಿಬಸಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ತಲೆಯೆತ್ತಿದರು.

ಆಟೊದ ಮೇಲಿನಿಂದ ಆ ಮುಖ ಅವರನ್ನು ನೋಡಿತು. ಕೆಳಗಿನಿಂದ ಮೇಷ್ಟರು, ಹೊಗಳಿಕೆ ಬರುವುದನ್ನೇ ಕಾಯುತ್ತ, ಅದೇ ಹುಬ್ಬು, ಅದೇ ತುಟಿಯಿಂದ ನೋಡಿದರು.

ಕರಿಬಸಮ್ಮ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಸೆರಗು ತಡೆಯಲಿಲ್ಲ. ನಗು ಹೊರಟೇಬಿಟ್ಟಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು, ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕರು.

"ಅಯ್ಯೋ ಶಿವನೇ! ನಮ್ ದೊಡ್ಡಳಿಯಂದ್ರು ಕಣೇ ಮಾಲಿನಿ! ದೀಪಾವಳೀಲಿ ಒಬ್ಬಟ್ಟು ಆ ಕಡೆ ಹೋಯ್ತು ನೋಡು, ಆಗ ಇದ್ದ ಮುಖ! ಹೊಳ್ಳೆ ನೋಡು, ಹೊಳ್ಳೆ!"

ಬೀದಿಯೆಲ್ಲ ನಕ್ಕಿತು. ಗಾರೆಯವರು ಕರಣೆ ಕೆಳಗಿಟ್ಟು ನಕ್ಕರು. ಮೇಷ್ಟರು ಗೊಂಬೆಯ ಕಡೆ ತಿರುಗಿದರು. ಕನ್ನಡಕ ನೋಡಿದರು, ವಿಭೂತಿ ನೋಡಿದರು, ತಮ್ಮ ಹಣೆಯನ್ನು ಮುಟ್ಟಿ ನೋಡಿಕೊಂಡರು.

"ದೀಪಿಕಾ..." ಎಂದರು.

"ನೀವೇ ಹೇಳಿದ್ರಲ್ಲಾ ಸಾರ್, ಹೊಟ್ಟೆಯೊಳಗಿಂದ ಬರ್ಬೇಕು ಅಂತ" ಎಂದಳು ಅವಳು, ಆಟೊದ ಹಿಂದೆ ಅವಿತುಕೊಂಡು.

ಕರಿಬಸಮ್ಮನವರ ನಗು ಇನ್ನೂ ನಿಂತಿರಲಿಲ್ಲ. ನಗುನಗುತ್ತಲೇ ಅವರ ಕಣ್ಣಿಂದ ನೀರು ಬಂತು. ನಗು ನಿಂತ ಮೇಲೂ ನೀರು ಬರುತ್ತಲೇ ಇತ್ತು. "ಅವ್ರು ಇದ್ದಿದ್ರೆ..." ಎಂದರು. ಅಷ್ಟೇ ಅಂದದ್ದು. ಮಾಲಿನಿ ತಾಯಿಯ ಪಕ್ಕ ಕುಳಿತು ಭುಜ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕರಿಬಸಮ್ಮ ಮುಖ ಒರೆಸಿಕೊಂಡು ಎದ್ದರು. "ದೊಡ್ಡಳಿಯಂದ್ರೆ, ಇದನ್ನ ಇಲ್ಲೇ ಬಿಟ್ಟೋಗಿ. ನನ್ನ ಮಹಡಿಗೆ ಇದೇ ಬೇಕು. ಈ ಮುಖದಾಗೆ ನಿಜ ಐತೆ."

"ಅಮ್ಮಾ, ತುಮಕೂರಲ್ಲಿ ಪ್ರೈಜು..." ಎಂದಳು ಮಾಲಿನಿ.

ಆಗಲೇ ಮೇಷ್ಟರ ಫೋನು ಸದ್ದು ಮಾಡಿತು. ಗುರುಪ್ರಕಾಶ್. "ಎಲ್ಲಿದೀರಾ ಭಾವ? ಜಡ್ಜಸ್ ಬಂದಾಯ್ತು. ನಿಮ್ಮ ಜಾಗ ಖಾಲಿ ಇದೆ. ನನ್ನ ನವಿಲಿನ ಪಕ್ಕದಲ್ಲೇ. ಇವತ್ತು ಬಾಲ ಇನ್ನೂ ಉದ್ದ ಮಾಡಿದೀವಿ."

ಬಾಲದ ಮಾತು ಕೇಳಿ ಮೇಷ್ಟರ ಹೊಳ್ಳೆಗಳು ಅಗಲವಾದವು. ಅದನ್ನು ಕಂಡು ಕರಿಬಸಮ್ಮನಿಗೆ ಮತ್ತೆ ನಗು ಬಂತು. ಸೆರಗಿನ ಹಿಂದೆ, ಹುಡುಗಿಯ ಹಾಗೆ.

ಮೇಷ್ಟರು ಫೋನನ್ನು ಜೇಬಿಗೆ ಇಟ್ಟರು. ಅತ್ತೆಯನ್ನು ನೋಡಿದರು. ಚಂದ್ರುವಿನ ಕಡೆ ತಿರುಗಿ, "ಹಗ್ಗ ಬಿಚ್ಚಪ್ಪ" ಎಂದರು.

ತುಮಕೂರಿಗೆ ಅವರು ಹೋದರು. ಹೋಗದಿದ್ದರೆ ಹೆದರಿದ ಎಂದಾರು. ಅಮಾನಿಕೆರೆಯ ಹತ್ತಿರದ ಪೆಂಡಾಲಿನಲ್ಲಿ ನವಿಲು ಗರಿ ಬಿಚ್ಚಿ ನಿಂತಿತ್ತು. ಅದರ ಪಕ್ಕದ ಖಾಲಿ ಮೇಜಿನ ಹಿಂದೆ ಮೇಷ್ಟರೂ ಮೂವರು ಮಕ್ಕಳೂ ನಿಂತರು.

"ನಿಮ್ಮ ಕಲಾಕೃತಿ ಎಲ್ಲಿ?" ಎಂದರು ತೀರ್ಪುಗಾರರು.

"ಗುಬ್ಬೀಲಿ ಕೆಲಸಕ್ಕೆ ಸೇರ್ಕೊಂಡಿದೆ ಸಾರ್" ಎಂದಳು ದೀಪಿಕಾ. "ಅದರ ಜೊತೆಯವ್ರು ಊರಲ್ಲಿ ಡ್ಯೂಟಿ ಮೇಲಿದಾರೆ. ಕಸ ಹಾಕೋರ್ನ ನೋಡ್ಕೋತಾರೆ."

ತೀರ್ಪುಗಾರರು ನಕ್ಕರು, ಫೋನಿನಲ್ಲಿದ್ದ ಊರಿನ ಫೋಟೊಗಳನ್ನೆಲ್ಲ ನೋಡಿದರು, ಬಹಳ ಒಳ್ಳೆಯ ಕೆಲಸ ಎಂದರು. ಆದರೆ ವಸ್ತುವಿಲ್ಲದ ವಸ್ತುಪ್ರದರ್ಶನಕ್ಕೆ ಬಹುಮಾನ ಕೊಡಲು ನಿಯಮವಿಲ್ಲ ಎಂದರು. ಮೊದಲ ಬಹುಮಾನ ನವಿಲಿಗೆ ಬಂತು. ಗುರುಪ್ರಕಾಶ್ ಭಾವನ ಕೈ ಕುಲುಕಿದರು. ಮೇಷ್ಟರು ಕೈ ಕೊಟ್ಟರು, ಬಾಲ ಈಗ ಸರಿಯಾಗಿದೆ ಎಂದರು.

ಮಹಡಿಗೆ ತಾರಸಿ ಹಾಕಿದ ದಿನ ಕರಿಬಸಮ್ಮ ಎಲ್ಲರನ್ನೂ ಊಟಕ್ಕೆ ಕರೆದರು. ಗಾರೆಯವರ ಪಂಕ್ತಿ ಮುಗಿದ ಮೇಲೆ ಅಳಿಯಂದಿರು ಕುಳಿತರು. ಗುರುಪ್ರಕಾಶ್ ಬಹುಮಾನದ ಕಪ್ಪನ್ನು ತಂದಿದ್ದರು. ಅದನ್ನು ಎಲೆಯ ಪಕ್ಕದಲ್ಲಿ, ನೀರಿನ ಲೋಟ ಇಡುವ ಜಾಗದಲ್ಲಿ ಇಟ್ಟುಕೊಂಡಿದ್ದರು. ಷಡಕ್ಷರಿ ಮೇಷ್ಟರು ಈ ಸಲ ಕೋಸಂಬರಿಯನ್ನು ಸರಿಸಲಿಲ್ಲ. ಅದು ಎಲೆಯ ನಟ್ಟನಡುವೆಯೇ ಕುಳಿತಿತ್ತು.

ಕರಿಬಸಮ್ಮ ತಟ್ಟೆ ಹಿಡಿದು ಬಂದವರು ಎರಡು ಎಲೆಗಳ ನಡುವೆ ನಿಂತರು. ದೊಡ್ಡಳಿಯಂದಿರ ಮುಖವನ್ನು ಒಮ್ಮೆ ನೋಡಿದರು. ತುಟಿಯ ತುದಿಯಲ್ಲಿ ನಗು ಆಡಿತು. ಬಗ್ಗಿ, ತಾವೇ ಕೋಸಂಬರಿಯನ್ನು ಬೆರಳಿನಿಂದ ಬದಿಗೆ ಸರಿಸಿ, ಬಿಸಿ ಒಬ್ಬಟ್ಟನ್ನು ಅಲ್ಲಿ ಹಾಕಿದರು.

ಗುರುಪ್ರಕಾಶ್ ಕಪ್ಪನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. "ಅತ್ತೆ, ನಮ್ಮ ನವಿಲು ಫಸ್ಟ್ ಬಂತು."

"ಕೇಳ್ದೆ ಕಣಪ್ಪ. ಚೆಂದಾಗೈತೆ. ಆದ್ರೆ ನೋಡಿ, ಬೆಳಗ್ಗೆ ಎದ್ದು ರಂಗೋಲಿ ಹಾಕಾಕೆ ಹೊರಗೆ ಬತ್ತೀನಿ, ಅದು ಮೇಲಿಂದ ನೋಡ್ತದೆ. ನಗು ಬತ್ತದೆ. ಆ ದಿನ ಹೆಂಗೋ ಕಳೆದೋಗ್ತದೆ."

ಹೀಗೆ ಹೇಳಿ ಅವರು ತುಪ್ಪ ತರಲು ಒಳಗೆ ಹೋದರು. ಗುರುಪ್ರಕಾಶ್ ತಮ್ಮ ಖಾಲಿ ಎಲೆಯನ್ನು ನೋಡಿದರು, ಕಪ್ಪನ್ನು ನೋಡಿದರು, ಆಮೇಲೆ ಮೇಷ್ಟರ ಕಡೆ ವಾಲಿ ಪಿಸುಗುಟ್ಟಿದರು. "ಭಾವ, ಹಿತ್ಲ ಕಡೆ ಗೋಡೆ ಖಾಲಿ ಇದೆ. ನಂದೂ ಒಂದು ಮುಖ ಮಾಡ್ಕೊಡಿ."

"ನಿಮ್ಮ ಮುಖಕ್ಕೆ ಯಾರು ಹೆದರ್ತಾರಪ್ಪ? ಅದಕ್ಕೆ ಒಳಗಿಂದ ಬರ್ಬೇಕು."

"ಬರುತ್ತೆ ಭಾವ."

"ಎಲ್ಲರ್ಗೂ ಬರಲ್ಲ ತಮ್ಮ."

ಕರಿಬಸಮ್ಮ ತುಪ್ಪದ ಗಿಂಡಿಯೊಡನೆ ಬಂದರು. ಏನು ಯೋಚನೆಯಲ್ಲಿದ್ದರೋ, ಎರಡನೆಯ ಒಬ್ಬಟ್ಟನ್ನೂ ಎತ್ತಿ ಷಡಕ್ಷರಿ ಮೇಷ್ಟರ ಎಲೆಗೇ ಹಾಕಿಬಿಟ್ಟರು.

ಗುರುಪ್ರಕಾಶರ ಹುಬ್ಬುಗಳು ಎರಡೂ ಕಡೆಯಿಂದ ಹೊರಟು ನಡುವೆ ಬಂದು ಕೂಡಿದವು. ಕೆಳದುಟಿ ಮುಂದೆ ಬಂತು.

ಷಡಕ್ಷರಿ ಮೇಷ್ಟರು ಎಲೆಯ ಮೇಲಿನ ಎರಡು ಒಬ್ಬಟ್ಟುಗಳನ್ನೂ ಮುಟ್ಟಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದರು, ಒಂದು ಬಸ್ ಟಿಕೆಟ್ಟನ್ನು ತಿರುಗಿಸಿ ಮಂಡಿಯ ಮೇಲೆ ಇಟ್ಟುಕೊಂಡರು, ಕನ್ನಡಕ ಸರಿಮಾಡಿಕೊಂಡರು.

"ಹಾಂ, ಬಂತು ಬಂತು" ಎಂದರು. "ಹಂಗೇ ಇರಿ. ಅಲ್ಲಾಡ್ಬೇಡಿ."